ಬಾಗಿಯ ಸೀಟು

ಬ್ಯಾಂಕಾಕಿನಲ್ಲಿ ಏನು ನೋಡಿದಿರಿ ಅಂತ ಯಾರಾದರೂ ಕೇಳಿದರೆ ಜಯಲತಾ ಈಗಲೂ "ಟ್ರೇನು" ಅನ್ನುತ್ತಾಳೆ. ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು! ಇಪ್ಪತ್ತೆರಡು ವರ್ಷ ಡೊಂಬಿವಲಿ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಜೀವ ತೇದವಳು, ವಿಮಾನ ಹತ್ತಿ ಹೋಗಿ ನೋಡಿದ್ದೂ ಟ್ರೇನನ್ನೇ.

ಜಯಲತಾ, ಬಾಗಿ ಇಬ್ಬರೂ ಉಡುಪಿ ಕಡೆಯವರು, ಒಂದೇ ಡಬ್ಬಿಯ ಗೆಳತಿಯರು. ಬಾಗಿ ಹತ್ತುತ್ತಿದ್ದದ್ದು ಠಾಣೆಯಲ್ಲಿ, ನೌಪಾಡಾದ ಮನೆಯಿಂದ ಓಡೋಡಿ ಬಂದು. ಡೊಂಬಿವಲಿಯಿಂದ ಅಲ್ಲಿಯವರೆಗೆ ಅವಳ ಕಿಟಕಿ ಸೀಟಿಗೆ ಪರ್ಸ್ ಇಟ್ಟು, ಕೇಳಿದವರ ಜೊತೆ ಜಗಳ ಆಡಿ ಕಾಯುವುದು ಜಯಲತಾಳ ಕೆಲಸ. ಎಂಥ ದಿನಗಳು ಮಾರಾಯ್ರೆ! ಆ ಡಬ್ಬಿಯಲ್ಲೇ ಬೀನ್ಸ್ ಮುರಿದರು, ಅಲ್ಲೇ ಸೀಮಂತ ಮಾಡಿದರು, ಅತ್ತೆಯಂದಿರನ್ನು ಬೈದದ್ದೂ ಅಲ್ಲೇ.

ಆಮೇಲೆ ಬಾಗಿಯ ಗಂಡ ತೀರಿಕೊಂಡ. ತಿಂಗಳು ಕಳೆದು ಅವಳು ಮತ್ತೆ ಟ್ರೇನ್ ಹತ್ತಿದಾಗ ಕಿಟಕಿಯಲ್ಲಿ ಹೊಸದಾಗಿ ಗುಂಪಿಗೆ ಸೇರಿದ್ದ ಶ್ರೀಮತಿ ಅನ್ನುವವಳು ಕೂತಿದ್ದಳು. ಬಾಗಿ ಅವತ್ತೇ ಬರುತ್ತಾಳೆಂದು ಜಯಲತಾಳಿಗೆ ಗೊತ್ತಿರಲಿಲ್ಲ. "ಇವತ್ತೊಂದು ದಿನ ನಿಂತ್ಕೊಳ್ಳೇ" ಅಂದುಬಿಟ್ಟಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬಾಗಿ ದಾದರ್‌ವರೆಗೆ ನಿಂತೇ ಹೋದಳು. ಅಲ್ಲಿಂದ ಒಂಬತ್ತು ವರ್ಷ ಜಯಲತಾಳ ಹತ್ತಿರ ಮಾತಿಲ್ಲ! ಅದೇ ಡಬ್ಬಿ, ಅದೇ ಗುಂಪು. ಏನಿದ್ದರೂ ಶ್ರೀಮತಿಯ ಮುಖ ನೋಡಿ "ಅವಳಿಗೆ ಹೇಳು" ಅನ್ನುವುದು. ತಪ್ಪು ತನ್ನದೇ ಅಂತ ಜಯಲತಾಳಿಗೆ ಗೊತ್ತಿತ್ತು. ಅದಕ್ಕೇ ಬಾಯಿ ಬರುತ್ತಿರಲಿಲ್ಲ.

ಮೂವರೂ ರಿಟೈರ್ ಆದ ವರ್ಷ ಶ್ರೀಮತಿ ಹಟ ಹಿಡಿದು ಇಬ್ಬರನ್ನೂ ಬ್ಯಾಂಕಾಕಿಗೆ ಹೊರಡಿಸಿದಳು. ವಾಪಸು ಬಂದ ವಾರದಲ್ಲೇ ಬಾಗಿ ನೌಪಾಡಾ ಬಿಟ್ಟು ಮುಲ್ಕಿಗೆ ಹೋಗುವವಳಿದ್ದಳು, ಖಾಯಂ ಆಗಿ. ಈ ನಾಲ್ಕು ದಿನದಲ್ಲಿ ಆಡದ ಮಾತನ್ನು ಇನ್ನು ಯಾವತ್ತೂ ಆಡಲಾಗುವುದಿಲ್ಲ ಅಂತ ಜಯಲತಾಳಿಗೆ ಒಳಗೊಳಗೇ ಸಂಕಟ. ಮೂರು ದಿನ ಹಾಗೇ ಕಳೆಯಿತು.

ಕೊನೆಯ ಸಂಜೆ ಮಾರ್ಕೆಟ್ ಸುತ್ತಿ, ಕಾಲು ಸೋತು ಮೆಟ್ರೋ ಸ್ಟೇಷನ್ನಿಗೆ ಬಂದರು. ಅಲ್ಲಿಯ ಜನ ಗಪ್‌ಚುಪ್ ಸಾಲು ಹಿಡಿದು ನಿಂತಿದ್ದರು. ಬಾಗಿಲು ತೆರೆದದ್ದೇ ತಡ, ಜಯಲತಾ ಯಾವ ದೇಶದಲ್ಲಿದ್ದೇನೆ ಅನ್ನುವುದನ್ನೇ ಮರೆತಳು. ಇಳಿಯುವವರ ನಡುವೆ ಮೊಣಕೈ ತೂರಿಸಿ ಒಳಗೆ ನುಗ್ಗಿದಳು. ಖಾಲಿ ಸೀಟಿನ ಮೇಲೆ ಪರ್ಸ್ ಎಸೆದು, "ಬಾಗೀ, ಬಾರೇ! ಬೇಗ ಬಾ!" ಅಂತ ಗಂಟಲು ಹರಿಯುವ ಹಾಗೆ ಕೂಗಿದಳು. ಇಡೀ ಡಬ್ಬಿ ತಿರುಗಿ ನೋಡಿತು. ಶ್ರೀಮತಿ ಅಂತೂ ಪರಿಚಯವೇ ಇಲ್ಲದವಳ ಹಾಗೆ ದೂರ ಹೋಗಿ ನಿಂತಳು.

ಬಾಗಿ ಬಂದು ಕೂತಳು. ಜಯಲತಾ ಅವಳೆದುರು ಕಂಬಿ ಹಿಡಿದು ನಿಂತಳು. ಬಾಯಿಗೆ ಬಂದದ್ದನ್ನು ಈ ಸಲ ತಡೆಯಲಿಲ್ಲ.

"ಅವತ್ತು ಶ್ರೀಮತಿಯನ್ನು ಏಳಿಸದಿದ್ದರೂ ನನ್ನ ಸೀಟು ಇತ್ತಲ್ಲ ಬಾಗಿ. ನಾನು ಏಳಬೇಕಿತ್ತು. ಏಳಲಿಲ್ಲ. ತಪ್ಪಾಯ್ತು ಕಣೇ."

ಬಾಗಿ ತಲೆ ಎತ್ತಿದಳು. ಕಣ್ಣು ತುಂಬಿತ್ತು, ಆದರೂ ದನಿಯಲ್ಲಿ ಸಿಟ್ಟು.

"ಈಗ ಬಂತಾ ಬಾಯಿ? ಇದೊಂದು ಮಾತು ಕೇಳೋಣ ಅಂತ ಒಂಬತ್ತು ವರ್ಷ ದಿನಾ ನಿನ್ನ ಡಬ್ಬಿಯನ್ನೇ ಹತ್ತಿದೆ ಮಾರಾಯ್ತಿ. ನನಗೇನು ಬೇರೆ ಡಬ್ಬಿ ಇರಲಿಲ್ಲ ಅಂದ್ಕೊಂಡ್ಯಾ?"