ಸ್ಟೇರಿಂಗ್ ಇಲ್ಲದ ಪ್ರವಾಸ

ನನ್ನ ಗಂಡ ಮುರಾಸೆ ತೊಕುಜಿ ಪ್ರವಾಸಿ ಬಸ್ಸಿನ ಚಾಲಕರಾಗಿದ್ದರು. ನಮ್ಮೂರು ಓಗಾಕಿಯಿಂದ ಅವರು ಜನರನ್ನು ಕರೆದೊಯ್ಯದ ಮಂದಿರವಿಲ್ಲ, ಬಿಸಿನೀರಿನ ಊರಿಲ್ಲ. ಆದರೆ ಯಾವ ಜಾಗದ ಬಗ್ಗೆ ಕೇಳಿದರೂ ಅವರಿಂದ ಬರುತ್ತಿದ್ದುದು ಒಂದೇ ಬಗೆಯ ಉತ್ತರ.

"ಆ ಮಂದಿರನಾ? ಚೆನ್ನಾಗಿದೆ. ಬಸ್ಸು ತಿರುಗಿಸೋಕೆ ಧಾರಾಳ ಜಾಗ."

"ಆ ಉದ್ಯಾನ?"

"ಅಯ್ಯೋ, ಅದು ಬೇಡ. ಗೇಟಿನ ಹತ್ರ ಪೈನ್ ಮರದ್ದೊಂದು ಕೊಂಬೆ ಇದೆ, ಕನ್ನಡಿಗೆ ಹೊಡಿಯುತ್ತೆ."

ಜನ ಒಳಗೆ ಹೋಗಿ ಬರುವವರೆಗೆ ಇವರು ಬಸ್ಸಿನ ಗಾಜು ಒರೆಸುತ್ತಿದ್ದರು. ರಾತ್ರಿ ವಸತಿಗೃಹದಲ್ಲಿ ಜನ ಹಬ್ಬದೂಟ ಮಾಡುವಾಗ ಇವರು ಅಡುಗೆಮನೆಯ ಹಿಂದಿನ ಚಾಲಕರ ಕೋಣೆಯಲ್ಲಿ ಬೇಗ ಉಂಡು ಮಲಗುತ್ತಿದ್ದರು. ಬೆಳಗ್ಗೆ ಮತ್ತೆ ಗಾಡಿ ಓಡಿಸಬೇಕಲ್ಲ.

ವಸಂತದಲ್ಲಿ ನಿವೃತ್ತರಾದರು. ಬೇಸಿಗೆಯೆಲ್ಲ ಮನೆಯ ಗಾಜುಗಳನ್ನು ಒರೆಸಿ ಒರೆಸಿ ನನ್ನ ತಲೆ ಕೆಡಿಸಿದರು. ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ ನಾನು ಹೇಳಿಯೇಬಿಟ್ಟೆ.

"ರೀ, ನಡೀರಿ. ಓಹರಾದ ಮಂದಿರ ನೋಡಿ ಅಲ್ಲಿಂದ ಕಿನೊಸಾಕಿಯ ಬಿಸಿನೀರಿಗೆ ಹೋಗೋಣ."

"ಎಲ್ಲಾ ನೋಡಿದೀನಲ್ಲೇ, ಕಿನುಯೊ."

"ನೀವು ನೋಡಿರೋದು ಪಾರ್ಕಿಂಗು. ನನಗೆ ಒಳಗಡೆ ನೋಡ್ಬೇಕು."

ಕ್ಯೋಟೋವರೆಗೆ ರೈಲು. ಅಲ್ಲಿಂದ ಓಹರಾದ ಬೆಟ್ಟಕ್ಕೆ ಬಸ್ಸೇ ಗತಿ. ಇವರು ಚಾಲಕನ ಬೆನ್ನ ಹಿಂದಿನ ಸೀಟಿನಲ್ಲೇ ಕೂತರು. ತಿರುವು ಬಂದಾಗಲೆಲ್ಲ ಬಲಗಾಲು ನೆಲವನ್ನು ಒತ್ತುತ್ತಿತ್ತು. ಚಾಲಕಿ ಚಿಕ್ಕ ವಯಸ್ಸಿನ ಹುಡುಗಿ. ಒಂದು ಕಡಿದಾದ ತಿರುವನ್ನು ಅವಳು ನೀರು ಹರಿದಂತೆ ದಾಟಿಸಿದಾಗ ಇವರು ತಡೆಯಲಾರದೆ "ಭೇಷ್!" ಎಂದುಬಿಟ್ಟರು. ಇಡೀ ಬಸ್ಸು ತಿರುಗಿ ನೋಡಿತು. ಕನ್ನಡಿಯಲ್ಲಿ ಹುಡುಗಿಯ ಕಣ್ಣು ನಕ್ಕಿತು.

ಓಹರಾದಲ್ಲಿ ಇಳಿದು ಮಂದಿರದ ದಾರಿ ಹತ್ತುವಾಗ ಉಪ್ಪಿನಕಾಯಿ ಅಂಗಡಿಯ ಶಿಗೆನೊ ಎಂಬ ದಪ್ಪನೆಯ ಹೆಂಗಸು ಇವರನ್ನು ಕಂಡು ಓಡಿಬಂದಳು.

"ಮುರಾಸೆ-ಸಾನ್! ಬಸ್ಸೆಲ್ಲಿ?"

"ಬಸ್ಸಿಲ್ಲ. ಹೆಂಡ್ತಿ ಜೊತೆ ಬಂದಿದೀನಿ."

"ಹಾಗಂದ್ರೆ ಇವತ್ತು ಮೇಲೆ ಹತ್ತುತೀರಾ? ಅಮ್ಮಾ, ಇವರು ಎಷ್ಟು ವರ್ಷದಿಂದ ನಮ್ಮ ಬೆಂಚಿನ ಮೇಲೆ ಕೂತು ಟೀ ಕುಡಿದು ಹಾಗೇ ವಾಪಸ್ ಹೋಗ್ತಿದ್ರು ಗೊತ್ತಾ? ನಮ್ಮ ಬೆಂಚಲ್ಲಿ ಇವರ ಅಚ್ಚು ಬಿದ್ದಿದೆ!"

ಇವರ ಕಿವಿ ಕೆಂಪಾಯಿತು. ನಾನು ಬೆಂಚು ನೋಡಿದೆ. ಒಂದು ಕಡೆ ನಿಜಕ್ಕೂ ತಗ್ಗಾಗಿತ್ತು.

ಮೇಲೆ ಮಂದಿರದಲ್ಲಿ ಬೂಟು ಬಿಚ್ಚಿ ಮರದ ಜಗುಲಿಯ ಮೇಲೆ ಕೂತೆವು. ಹಸಿರು ಟೀ, ಜೊತೆಗೆ ಒಂದು ಪುಟ್ಟ ಸಿಹಿ ಬಂತು. ಎದುರಿಗೆ ಬರಿಯ ಪಾಚಿ. ಮೆತ್ತನೆಯ ಪಾಚಿ ಏರುತ್ತ ಇಳಿಯುತ್ತ ಹರಡಿತ್ತು, ನಡುವೆ ನೆಟ್ಟಗೆ ನಿಂತ ದೇವದಾರುಗಳು, ಹಸಿರಿನ ಮೇಲೆ ಅಲ್ಲಲ್ಲಿ ಉದುರಿದ ಕೆಂಪೆಲೆ. ಇವರು ಟೀ ಬಟ್ಟಲನ್ನು ಕೈಯಲ್ಲಿ ಹಿಡಿದವರು ಹಿಡಿದೇ ಇದ್ದರು. ಟೀ ಆರಿತು. ಆಮೇಲೆ ಕೆಳಗಿಳಿದು ಪಾಚಿಯೊಳಗಿಂದ ತಲೆಯೆತ್ತಿ ನಗುವ ಪುಟ್ಟ ಕಲ್ಲಿನ ಮೂರ್ತಿಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಇವನ್ನ ನೋಡೇ. ಗಲ್ಲಕ್ಕೆ ಕೈ ಕೊಟ್ಕೊಂಡು ಹೇಗೆ ಮಲಗಿದಾನೆ! ನಮ್ಮ ಮ್ಯಾನೇಜರ್ ಮಧ್ಯಾಹ್ನ ಹೀಗೇ ಇರ್ತಿದ್ದ."

"ರೀ, ಹೊತ್ತಾಯ್ತು. ಬಸ್ಸು ತಪ್ಪುತ್ತೆ."

"ಆ ಕಡೆ ಇನ್ನೊಬ್ಬ ಇದಾನೆ, ತಾಳು."

"ರೀ!"

ಅವರು ಎದ್ದು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದರು.

"ಇದಕ್ಕೇ ಕಣೇ! ಇದಕ್ಕೇ ಅವರೆಲ್ಲ ತಡವಾಗಿ ಬರ್ತಿದ್ದಿದ್ದು. ನಾನು ಕೆಳಗೆ ಕೂತು ಹಾರ್ನ್ ಹೊಡೀತಿದ್ದೆ. ಮುದುಕೀರೆಲ್ಲ ಪಾಪ, ಏದುಸಿರು ಬಿಡ್ತಾ ಓಡಿ ಬರೋರು."

ಬಸ್ಸು ತಪ್ಪಿತು. ಅದರಿಂದಾಗಿ ಕ್ಯೋಟೋದಲ್ಲಿ ರೈಲೂ ತಪ್ಪಿತು. ಜೀವಮಾನದಲ್ಲಿ ಒಂದು ನಿಮಿಷ ತಡ ಮಾಡದ ಮನುಷ್ಯ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಹೊರಟ ರೈಲಿಗೆ ಕೈ ಬೀಸಿದರು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮುಂದಿನ ರೈಲು ಬರುವವರೆಗೆ ಇಬ್ಬರೂ ಬುತ್ತಿಯೂಟದ ಎರಡು ಡಬ್ಬಿ ಕೊಂಡು ತಿಂದೆವು.

ಕಿನೊಸಾಕಿ ಮುಟ್ಟಿದಾಗ ಕತ್ತಲಾಗಿತ್ತು. ವಸತಿಗೃಹದ ಒಡತಿ ದೀಪದ ಕೆಳಗೆ ಕಾಯುತ್ತ ನಿಂತಿದ್ದಳು. ಇವರು ಸೊಂಟ ಮುರಿಯುವ ಹಾಗೆ ಬಗ್ಗಿ ಕ್ಷಮೆ ಕೇಳಿ ಸೀದಾ ಅಡುಗೆಮನೆಯ ಹಿಂದಿನ ದಾರಿ ಹಿಡಿದರು. ಒಡತಿ ತನ್ನ ನಿಲುವಂಗಿಯ ತೋಳು ಎತ್ತಿ ಹಿಡಿದುಕೊಂಡು ಹಿಂದೆಯೇ ಓಡಿದಳು.

"ಮುರಾಸೆ-ಸಾನ್, ಎಲ್ಲಿಗೆ? ಅದು ಚಾಲಕರ ಕೋಣೆ! ನಿಮಗೆ ಹೊಳೆ ಕಡೆಯ ಕೋಣೆ ಇಟ್ಟಿದೀನಿ."

"ಓ, ಇಲ್ಲಿ ಕೋಣೆಯಿಂದ ಹೊಳೆ ಕಾಣುತ್ತಾ?" ಎಂದರು ಇವರು, ತೀರ ಅಮಾಯಕರಾಗಿ.

ಒಡತಿಗೂ ನನಗೂ ನಕ್ಕು ನಕ್ಕು ಸಾಕಾಯಿತು. ಆ ರಾತ್ರಿ ಏಡಿ ಬಂತು. ಸುಟ್ಟಿದ್ದು, ಬೇಯಿಸಿದ್ದು, ಅನ್ನದ ಗಂಜಿಯಲ್ಲಿ ಕಲೆಸಿದ್ದು. ಏಡಿ ತಿನ್ನುವಾಗ ಯಾರೂ ಮಾತಾಡುವುದಿಲ್ಲ, ನಾವೂ ಆಡಲಿಲ್ಲ.

ನಾನು ಹೇಳಬೇಕೆಂದಿರುವುದು ಮರುದಿನ ಬೆಳಗಿನ ಸಂಗತಿ.

ಬೆಳಗ್ಗೆ ಇಬ್ಬರೂ ವಸತಿಗೃಹದ ಹತ್ತಿಯ ನಿಲುವಂಗಿ ತೊಟ್ಟು, ಮರದ ಚಪ್ಪಲಿ ಟಕಟಕ ಸದ್ದು ಮಾಡಿಕೊಂಡು ಹೊಳೆದಂಡೆಯ ಸಾರ್ವಜನಿಕ ಸ್ನಾನದ ಮನೆಗೆ ಹೋದೆವು. ಗಂಡಸರದು ನೀಲಿ ಪರದೆ, ಹೆಂಗಸರದು ಕೆಂಪು. ಒಳಗೆ ಎರಡರ ನಡುವೆ ಒಂದೇ ಗೋಡೆ, ಅದೂ ಮಾಡಿನವರೆಗೆ ಮುಟ್ಟುವುದಿಲ್ಲ. ನಾನು ಮೈ ತೊಳೆದು ಬಿಸಿನೀರಿಗಿಳಿದೆ. ಹಬೆಯಲ್ಲಿ ಆಗಲೇ ಕೆಲವು ಹೆಂಗಸರು ಕುತ್ತಿಗೆವರೆಗೆ ಮುಳುಗಿ ಕೂತಿದ್ದರು. ತೊತ್ತೊರಿ ಊರಿನಿಂದ ಒಟ್ಟಾಗಿ ಬಂದ ಗೆಳತಿಯರು ಎಂದು ಅವರ ಮಾತಿನಿಂದ ತಿಳಿಯಿತು.

ಗೋಡೆಯಾಚೆಯಿಂದ ಒಂದು ಹಾಡು ಕೇಳಿಸಿತು. ಬಂದರಿನಲ್ಲಿ ದೋಣಿಗೆ ಕಾಯುವವಳ ಹಳೆಯ ಹಾಡು. ಮೊದಲು ಮೆಲ್ಲಗೆ, ನೀರಿನ ಸದ್ದಿನ ಕೆಳಗೆ ಅಡಗಿದಂತೆ. ಆಮೇಲೆ ದನಿ ಏರಿತು. ಗಟ್ಟಿಯಾದ, ಸ್ವಲ್ಪ ಒರಟಾದ, ಆದರೆ ಒಂದು ಸ್ವರವೂ ಜಾರದ ದನಿ. ಹೆಂಗಸರು ಮಾತು ನಿಲ್ಲಿಸಿದರು.

"ಅಬ್ಬಾ, ಯಾರ ಗಂಡನೇ ಇದು?" ಎಂದಳು ತಲೆಗೆ ಟವೆಲ್ ಸುತ್ತಿದ್ದ ಒಬ್ಬ ಅಜ್ಜಿ.

"ನನ್ನವನಂತೂ ಅಲ್ಲ. ನನ್ನವನು ಹಾಡಿದ್ರೆ ನೀರು ತಣ್ಣಗಾಗುತ್ತೆ."

ನಾನೂ ನಕ್ಕೆ. ಯಾರೋ ಅದೃಷ್ಟವಂತೆ ಅಂದುಕೊಂಡೆ. ಅಷ್ಟರಲ್ಲಿ ಹಾಡು ನಿಂತು ಆಚೆಯಿಂದ ಕೂಗು ಬಂತು.

"ಕಿನುಯೊ! ಇದೀಯೇನೇ? ನೀರು ಬಿಸಿಯಾಗಿದೆಯಾ ಆ ಕಡೆ?"

ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವಳು ನಾನು. ಈ ಮನುಷ್ಯ ಒಂದು ಸಾಲು ಗುನುಗಿದ್ದನ್ನೂ ಕೇಳಿರಲಿಲ್ಲ.

"ನನ್ನ ಗಂಡ!" ಎಂದೆ. ಹೇಳುತ್ತಲೇ ನೀರಿನಿಂದ ಅರ್ಧ ಮೇಲೆದ್ದಿದ್ದೆ. "ಅದು ನನ್ನ ಗಂಡ!"

"ಹಾಗಿದ್ರೆ ಸುಮ್ನೆ ಯಾಕೆ ನಿಂತಿದೀಯಮ್ಮ, ಇನ್ನೊಂದು ಹಾಡೋಕೆ ಹೇಳು!" ಎಂದಳು ಅಜ್ಜಿ.

"ರೀ! ಇನ್ನೊಂದು ಬೇಕಂತೆ!"

"ಯಾರಿಗೆ?" ಎಂದರು ಆಚೆಯಿಂದ.

"ಎಲ್ಲರಿಗೂ!" ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಗಂಡಸರ ಕಡೆಯಿಂದ ಹೋ ಎಂಬ ನಗು. ಯಾರೋ ಮರದ ಚೊಂಬನ್ನು ನೆಲಕ್ಕೆ ಬಡಿದು ತಾಳ ಹಾಕಿದರು. ಇವರು ಹಾಡಿದರು. ಮೂರನೆಯದಕ್ಕೆ ನಮ್ಮ ಕಡೆಯವರೂ ಸೇರಿಕೊಂಡರು. ಅಜ್ಜಿ ನೀರಿನಲ್ಲೇ ಕೈ ಬೀಸಿ ಕುಣಿದಳು, ನನ್ನ ಕಣ್ಣಿಗೆಲ್ಲ ನೀರು ಚಿಮ್ಮಿಸಿದಳು. ಒಳ್ಳೆಯದೇ ಆಯಿತು, ಅಳುತ್ತಿರುವುದು ಯಾರಿಗೂ ಕಾಣಲಿಲ್ಲ.

ಹೊರಗೆ ಬಂದಾಗ ಇವರು ಬೆಂದ ಏಡಿಯ ಬಣ್ಣಕ್ಕೆ ತಿರುಗಿದ್ದರು.

"ಎಲ್ಲಿ ಕಲಿತ್ರಿ?" ಎಂದೆ.

"ಬಸ್ಸಲ್ಲಿ. ಜನ ಕುಡಿದು ಮೈಕ್ ಹಿಡ್ಕೊಂಡು ದಿನಾ ನನ್ನ ಬೆನ್ನ ಹಿಂದೆ ಹಾಡ್ತಿದ್ರಲ್ಲ. ಒಂದೊಂದು ಹಾಡೂ ಸಾವಿರ ಸಲ ಕೇಳಿದೀನಿ. ತಪ್ಪಾಗಿ ಹಾಡಿದ್ದು, ಸರಿಯಾಗಿ ಹಾಡಿದ್ದು, ಎಲ್ಲ."

"ಮನೇಲಿ ಒಂದು ದಿನ ಹಾಡ್ಬಾರದಿತ್ತಾ?"

"ಗಾಡಿ ಓಡಿಸೋನು ಬಾಯಿ ತೆಗೀಬಾರದು ಕಣೇ. ಅಭ್ಯಾಸ ಆಗ್ಬಿಟ್ಟಿತ್ತು." ಸ್ವಲ್ಪ ದೂರ ನಡೆದ ಮೇಲೆ, "ನೀರೊಳಗೆ ಕೂತಾಗ ತಾನಾಗೇ ಬಂತು" ಎಂದರು.

ಮಧ್ಯಾಹ್ನ ಸ್ಟೇಷನ್ನಿನ ಪಕ್ಕದಲ್ಲಿ ಕಾಲು ಇಳಿಬಿಡುವ ಬಿಸಿನೀರಿನ ತೊಟ್ಟಿಯ ಬಳಿ ಅಕ್ಕಪಕ್ಕ ಕೂತೆವು. ಇವರು ನನಗೆ ಬಂದರಿನ ಹಾಡು ಕಲಿಸತೊಡಗಿದರು. ನನ್ನ ದನಿ ಚಿಕ್ಕಂದಿನಿಂದಲೂ ಕಾಗೆಯದು. ಎದುರಿಗೆ ಕಾಲದ್ದಿ ಕೂತಿದ್ದ ಹೊಸ ಜೋಡಿಯೊಂದು ತುಟಿ ಕಚ್ಚಿ ನಗು ತಡೆಯುತ್ತಿತ್ತು.

"ಜನ ನಗ್ತಿದಾರೆ ರೀ."

"ನಗ್ಲಿ. ದೋಣಿ ಬರೋ ಜಾಗದಲ್ಲಿ ದನಿ ಮೇಲೆತ್ತು. ಇನ್ನೊಂದ್ಸಲ."

ನಾನು ಮೇಲೆತ್ತಿದೆ. ದೋಣಿ ಎಲ್ಲಿಗೋ ಹೋಯಿತು. ಹೊಸ ಜೋಡಿ ಬಿದ್ದು ಬಿದ್ದು ನಕ್ಕಿತು, ಇವರೂ ನಕ್ಕರು, ನನಗೂ ಹಾಡು ಮುಂದುವರಿಸಲಾಗದಷ್ಟು ನಗು ಬಂತು.