ಎಡಕ್ಕೋ ಬಲಕ್ಕೋ

ಆಳಂದದ ಎಂಟು ಹೆಂಗಸರು ಬಡಿದ ಖಡಕ್ ರೊಟ್ಟಿಯನ್ನು ವ್ಯಾನಿಗೆ ಹೇರಿಕೊಂಡು ವಾರಕ್ಕೆ ಮೂರು ಸಲ ಅಫಜಲಪುರಕ್ಕೂ ಅಲ್ಲಿಂದ ಜೇವರ್ಗಿಗೂ ಹೋಗಿ ಖಾನಾವಳಿಗಳಿಗೆ ಮುಟ್ಟಿಸಿ ಬರುವವಳು ವಿದ್ಯಾವತಿ. ವ್ಯಾನು ಹದಿನೆಂಟು ವರ್ಷದ್ದು. ಅವಳ ಕೈಗೆ ಬರುವ ಮೊದಲು ಇನ್ನಿಬ್ಬರ ಕೈ ದಾಟಿ ಬಂದಿತ್ತು. ಆದರೂ ಒಂಬತ್ತು ವರ್ಷದಲ್ಲಿ ಅದು ಅವಳನ್ನು ನಡುದಾರಿಯಲ್ಲಿ ಕೂರಿಸಿದ್ದು ಎರಡೇ ಸಲ.

ದೀಪಾವಳಿ ಮುಗಿದ ವಾರ ಕಿಣ್ಣಿ ಸುಲ್ತಾನದ ಹತ್ತಿರ ಯಾರೋ ಪೈಪು ಹೂಳಲು ಅಗೆದು ಹಾಗೇ ಬಿಟ್ಟಿದ್ದ ತಗ್ಗಿನಲ್ಲಿ ಮುಂದಿನ ಎಡಗಾಲಿ ಧಡ್ಡನೆ ಇಳಿಯಿತು. ರೊಟ್ಟಿಯೆಲ್ಲ ಪುಡಿ. ಗಾಲಿ ಒಳಕ್ಕೆ ಮುರಿದುಕೊಂಡ ಪಾದದ ಹಾಗೆ ವಾರೆಯಾಗಿ ನಿಂತಿತು. ಆಳಂದದ ಮೆಕ್ಯಾನಿಕ್ ಮುಕ್ರಮ ಗಾಡಿಯನ್ನು ಎಳೆಸಿಕೊಂಡು ಹೋಗಿ, ನಾಲ್ಕು ದಿನ ಮುಂಭಾಗವನ್ನೆಲ್ಲ ಬಿಚ್ಚಿ, ಗಾಲಿಯನ್ನು ಗಾಡಿಗೆ ಹಿಡಿದಿಡುವ, ಈಗ ಬಾಗಿದ್ದ ಆರ್ಮು ತೆಗೆದು ಹೊಸದು ಹಾಕಿದ. ಗಾಲಿ ಅತ್ತಿತ್ತ ತಿರುಗಲು ಆಧಾರವಾಗುವ ಎರಡು ಬಾಲ್‌ಜಾಯಿಂಟುಗಳನ್ನೂ ಬದಲಿಸಿದ.

"ತಗೋರಿ ಅಕ್ಕಾ, ಹೊಸಾ ಗಾಡಿ ಆಗ್ಯಾದ," ಎಂದ.

ಹೊಸ ಗಾಡಿ ಮೊದಲ ದಿನವೇ ಹಟ ಹಿಡಿಯಿತು. ಸ್ಟೇರಿಂಗು ತಿರುಗಿಸಿದಾಗಲೆಲ್ಲ ಬಾನೆಟ್ಟಿನೊಳಗೆ ಏನೋ ಗುಂಯ್‌ಗುಟ್ಟುತ್ತಿತ್ತು. ಪವರ್ ಸ್ಟೇರಿಂಗ್ ಇದ್ದೂ ಇಲ್ಲದಷ್ಟು ಭಾರ. ವಿದ್ಯಾವತಿ ತನ್ನ ಓಣಿಯಿಂದ ಎಡಕ್ಕೆ ಹೊರಳಿ ಅಫಜಲಪುರದ ದಾರಿ ಹಿಡಿದ ಮೇಲೆ ಗಾಡಿ ಎಡಕ್ಕೇ ಜಗ್ಗುತ್ತ ಹೋಯಿತು. ರಸ್ತೆ ಸೀದಾ ಇದ್ದರೂ ಬಿಡದು. ತೊಗರಿ ಹೊಲದತ್ತ ಮುಖ ಮಾಡಿದ ಎತ್ತನ್ನು ಹಗ್ಗ ಹಿಡಿದು ತಡೆದಂತೆ, ಅವಳು ಅಫಜಲಪುರದವರೆಗೆ ಅದನ್ನು ಬಲಕ್ಕೆ ಎಳೆದು ಹಿಡಿದೇ ಹೋದಳು. ಮನೆಗೆ ಬಂದಾಗ ರಟ್ಟೆ ಮೇಲೆ ಏಳಲಿಲ್ಲ.

ನಾದಿನಿ ಗುರುಬಾಯಿ ಎಣ್ಣೆ ತಿಕ್ಕುತ್ತ, "ಗಾಡಿ ಏನೂ ಎಳ್ಯಾಕತ್ತಿಲ್ಲ ಬೇ. ಮೂವತ್ತು ವರ್ಷ ರೊಟ್ಟಿ ಬಡದ ರಟ್ಟಿ, ಸೋತದ ಅಷ್ಟೇ," ಎಂದಳು.

ಮರುದಿನ ಮುಕ್ರಮ ಸ್ಟೇರಿಂಗಿನ ಎಣ್ಣೆಯ ಡಬ್ಬಿ ತೆರೆದು ನೋಡಿದ. ಎಣ್ಣೆ ಮಜ್ಜಿಗೆಯ ಹಾಗೆ ನೊರೆಯೆದ್ದಿತ್ತು. "ಗಾಳಿ ಹೊಕ್ಕದ ನೋಡ್ರಿ, ಅದಕ್ಕ ಒದರಾಕತ್ತದ," ಎಂದು ನಕ್ಕು, ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿ, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿ ಗಾಳಿಯನ್ನೆಲ್ಲ ಹೊರಹಾಕಿದ. ಗುಂಯ್ ನಿಂತಿತು. ವಿದ್ಯಾವತಿಗೆ ಜೀವ ಬಂದಂತಾಯಿತು. ಆದರೆ ಓಣಿ ದಾಟಿ ಅರ್ಧ ಹರದಾರಿ ಹೋಗುವಷ್ಟರಲ್ಲಿ ಗಾಡಿ ಮತ್ತೆ ಎಡಕ್ಕೆ.

ಈ ಸಲ ಮುಕ್ರಮ ತಾನೇ ಓಡಿಸಿ ನೋಡಿಬಂದ. ಬಂದವನ ಮುಖದಲ್ಲಿ ಗೊಂದಲ.

"ಅಕ್ಕಾ, ಇದು ಬಲಕ್ಕ ಎಳೀತದಲ್ಲ?"

"ಬಲಕ್ಕ? ಎಡಕ್ಕಪಾ!"

"ನಾ ಈಗೇ ಓಡಿಸಿ ಬಂದೀನ್ರಿ. ಬಲಕ್ಕ."

ಅವನು ತನ್ನ ಅನುಭವವನ್ನೇ ನಂಬಿ ಗಾಲಿಗಳ ಕೋನವನ್ನು ಎಡಕ್ಕೆ ಸ್ವಲ್ಪ ಸರಿಪಡಿಸಿದ. ಅವಳಿಗೆ ಎಡದ ಎಳೆತ ಇನ್ನೂ ಹೆಚ್ಚಾಯಿತು. ಟೈರುಗಳನ್ನು ಅದಲುಬದಲು ಮಾಡಿದ. ಗುಜರಿಗೆ ಬಂದಿದ್ದ ಇನ್ನೊಂದು ವ್ಯಾನಿನ ಸ್ಟೇರಿಂಗ್ ಪಂಪು ಬಿಚ್ಚಿ ತಂದು ಹಾಕಿದ. ಏನೂ ಬದಲಾಗಲಿಲ್ಲ. ಅವನಿಗೆ ಬಲಕ್ಕೆ, ಅವಳಿಗೆ ಎಡಕ್ಕೆ.

ಮೂರನೆಯ ಸಲ ಹೋದಾಗ ಅವನು ಕೈಯ ಜಿಡ್ಡನ್ನು ಒರೆಸಿಕೊಳ್ಳುತ್ತ, ಅವಳ ಮುಖ ನೋಡದೆ ಹೇಳಿದ: "ಸಿಟ್ಟಿಗೇಳಬ್ಯಾಡ್ರಿ ಅಕ್ಕಾ. ಒಮ್ಮೆ ದವಾಖಾನಿಗೆ ಹೋಗಿ ಕೈ ತೋರಸ್ರಿ."

ಆ ಮಾತು ಅವಳ ಒಳಗೆ ಹೊಕ್ಕು ಕುಳಿತಿತು. ಗುರುಬಾಯಿಯೂ ಇವನೂ ಒಂದೇ ಮಾತು ಹೇಳುತ್ತಿದ್ದಾರೆ. ರಟ್ಟೆ ನೋಯುವುದು ಸುಳ್ಳಲ್ಲ. ಹಾಗಾದರೆ ಗಾಡಿ ನೆಟ್ಟಗಿದ್ದು ತಾನೇ ಎಡಕ್ಕೆ ಎಳೆಯುತ್ತಿದ್ದೇನೆಯೇ?

ಎರಡು ದಿನ ಬಿಟ್ಟು ಜೇವರ್ಗಿಗೆ ಹೋಗುವಾಗ ಮುಂದೆ ಹತ್ತಿಯ ಟ್ರ್ಯಾಕ್ಟರೊಂದು ತೆವಳುತ್ತಿತ್ತು. ವಿದ್ಯಾವತಿ ಅದನ್ನು ದಾಟಲು ಬಲಕ್ಕೆ ಹೊರಳಿಸಿದಳು. ದಾಟಿದ ಮೇಲೆ ಎಡಕ್ಕೆ ಬರಬೇಕು. ಅಭ್ಯಾಸದಂತೆ ಕೈ ಸಡಿಲ ಬಿಟ್ಟಳು, ಹೇಗೂ ಇದು ಎಡಕ್ಕೇ ಬರುವುದಲ್ಲ ಎಂದು. ವ್ಯಾನು ಬರಲಿಲ್ಲ. ಬಲಕ್ಕೇ ಹೋಗುತ್ತಲಿತ್ತು. ಎದುರಿಗೆ ಗಂಡಹೆಂಡತಿ ಕೂತಿದ್ದ ಬೈಕು. ಎರಡೂ ಕೈಯಿಂದ ಜಗ್ಗಿ ಎಡಕ್ಕೆ ತಂದಾಗ ಬೈಕಿನವನ ಬೈಗುಳವಷ್ಟೇ ಕಿಟಕಿಗೆ ತಾಗಿತು.

ಬೇವಿನ ಮರವೊಂದರ ಕೆಳಗೆ ಗಾಡಿ ನಿಲ್ಲಿಸಿ ಅವಳು ಬಹಳ ಹೊತ್ತು ಕೂತಳು. ತನ್ನ ಕೈಗಳನ್ನು ಮುಂದೆ ಚಾಚಿ, ಗಡಿಯಾರ ಕಟ್ಟಿದ್ದು ಎಡ, ಕಟ್ಟದ್ದು ಬಲ ಎಂದು ಚಿಕ್ಕ ಹುಡುಗಿಯ ಹಾಗೆ ನೋಡಿಕೊಂಡಳು. ಐವತ್ತೆರಡಕ್ಕೇ ಎಡ ಬಲ ಮರೆಯುತ್ತದೆಯೇ? ಜೇವರ್ಗಿಯಲ್ಲಿ ಖಾನಾವಳಿಯ ಜಗದೇವಪ್ಪ, "ಯಾಕ್ರಿ ಬಾಯಾರ, ಮುಖ ಬಾಡ್ಯಾದ?" ಎಂದು ಕೇಳಿದಾಗ, "ಬಿಸಿಲರಿ," ಎಂದು ಸುಳ್ಳು ಹೇಳಿದಳು. ವಾಪಸು ಬರುವಾಗ ಇಪ್ಪತ್ತರ ಮೇಲೆ ಓಡಿಸಲಿಲ್ಲ.

ಮರುದಿನ ಬೆಳಿಗ್ಗೆ ನೆಟ್ಟಗೆ ಗ್ಯಾರೇಜಿಗೆ ಹೋದಳು. "ನಿನ್ನೆ ಬಲಕ್ಕ ಎಳೀತು," ಎಂದಳು.

ಮುಕ್ರಮನ ಮುಖ ಅರಳಿತು. "ನಾ ಹೇಳಿದ್ನಲ್ಲ ಅಕ್ಕಾ!"

ಆ ಖುಷಿ ನೋಡಿಯೇ ಅವಳಿಗೆ ಸಿಟ್ಟು ಬಂತು. ಸಿಟ್ಟಿನೊಂದಿಗೆ ಧೈರ್ಯವೂ ಬಂತು. "ನೀ ಹೇಳಿದ್ದೂ ಖರೇ, ನಾ ಹೇಳಿದ್ದೂ ಖರೇ. ನನಗೇನು ಹುಚ್ಚ ಹಿಡದಿಲ್ಲ. ಕೂಡು ಗಾಡ್ಯಾಗ. ನೀ ಓಡಸು, ನಾ ಬಾಜೂಕ ಕುಂತು ನೋಡ್ತೇನಿ."

ಗ್ಯಾರೇಜಿನಿಂದ ಹೊರಬಿದ್ದು ಅವನು ಬಲಕ್ಕೆ ಹೊರಳಿ ಕಡಗಂಚಿಯ ದಾರಿ ಹಿಡಿದ. ಗಾಡಿ ಬಲಕ್ಕೆ ಜಗ್ಗಿತು. "ನೋಡ್ರಿ," ಎಂದ. ಕಡಗಂಚಿ ಹತ್ತಿರವಾದಾಗ ವಿದ್ಯಾವತಿ, "ಈಗ ಎಡಕ್ಕ ಹೊಳ್ಳಸು, ಆ ಹೊಲದ ದಾರ್‍ಯಾಗ," ಎಂದಳು. ಹೊರಳಿಸಿದ. ಮಣ್ಣಿನ ದಾರಿ ಸೂಜಿಯಂತೆ ಸೀದಾ ಇತ್ತು. ಗಾಡಿ ಎಡದ ಬೇಲಿಯತ್ತ ವಾಲಿತು. ಮುಕ್ರಮ ಬ್ರೇಕು ಹಾಕಿದ. ಮತ್ತೆ ತಾನೇ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಹೊರಳಿಸಿ ನೋಡಿದ.

"ಕಡೀಕ ಯಾವ ಕಡೆ ಹೊಳ್ಳಸ್ತೀವೋ ಅದೇ ಕಡೆ ಎಳೀತದ," ಎಂದಳು ವಿದ್ಯಾವತಿ ಮೆಲ್ಲಗೆ. "ನಾ ಓಣಿಯಿಂದ ಎಡಕ್ಕ ಹೊಳ್ಳತೇನಿ. ನೀ ಗ್ಯಾರೇಜಿನಿಂದ ಬಲಕ್ಕ."

"ಹೌದ್ರಿ," ಎಂದ ಅವನು. ಕಿವಿಯೆಲ್ಲ ಕೆಂಪಾಗಿತ್ತು.

ಗ್ಯಾರೇಜಿಗೆ ಬಂದು, ಮುಂಭಾಗ ಎತ್ತಿ, ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಸರಳುಗಳನ್ನು ಎರಡೂ ಬದಿಯಲ್ಲಿ ಬಿಚ್ಚಿದ. ಸ್ಟೇರಿಂಗು ಈಗ ಹೂವಿನಷ್ಟು ಹಗುರ: ಪಂಪಿನ ತಪ್ಪೇನೂ ಇರಲಿಲ್ಲ. ಬಲಗಾಲಿಯನ್ನು ಎರಡು ಬೆರಳಲ್ಲಿ ತೂಗಿದ. ಬಾಗಿಲಿನ ಹಾಗೆ ಆಡಿತು. ಎಡಗಾಲಿ ಎರಡೂ ಕೈ ಹಚ್ಚಿದರಷ್ಟೇ ಅಲುಗಿತು. ತಿರುಗಿಸಿ ಬಿಟ್ಟಲ್ಲೇ ನಿಂತಿತು. ವಿದ್ಯಾವತಿಯೂ ಬಗ್ಗಿ ಮುಟ್ಟಿ ನೋಡಿದಳು. ಅವಳ ನೋಯುವ ರಟ್ಟೆಗೂ ಬಲಗಾಲಿ ಆಡಿತು, ಎಡಗಾಲಿ ಆಡಲಿಲ್ಲ.

ಮುಕ್ರಮ ಎಡದ ಬಾಲ್‌ಜಾಯಿಂಟು ಬಿಚ್ಚಿ ಅಂಗೈ ಮೇಲಿಟ್ಟು ನೋಡಿದ. ಅದರ ಅಂಚು ಸ್ವಲ್ಪ ಚಪ್ಪಟೆಯಾಗಿತ್ತು. ಒಳಗಿನ ಗುಂಡು ಬಿಗಿದುಕೊಂಡು, ಹೊರಳಿದ ಗಾಲಿಯನ್ನು ನಡುವಿಗೆ ಮರಳಗೊಡುತ್ತಿರಲಿಲ್ಲ.

"ಇದನ್ನ ಪ್ರೆಸ್ ಮಷೀನಿನ್ಯಾಗ ಒತ್ತಿ ಕೂಡಸಬೇಕಿತ್ರಿ," ಎಂದ. "ಅದು ಇರೋ ಕಲಬುರಗಿಗೆ ಹೋಗೋದು ಬ್ಯಾಸರಾಗಿ ಸುತ್ತಿಗಿಲೆ ಬಡದು ಕೂಡಿಸಿದ್ದೆ. ಗಲತ್ ನಂದೇ. ಮ್ಯಾಲ ನಿಮ್ಮ ಕೈಗೇ ಹೆಸರಿಟ್ಟೆ."

ವಿದ್ಯಾವತಿ ಏನೋ ಖಾರವಾದದ್ದನ್ನು ಹೇಳಬೇಕೆಂದಿದ್ದಳು. ಬೈಕಿನ ಹಿಂದೆ ಕೂತಿದ್ದ ಹೆಂಗಸಿನ ಸೆರಗು ಕಣ್ಣ ಮುಂದೆ ಬಂತು. "ಇಬ್ಬರು ಸಾಯತಿದ್ರಪಾ," ಎಂದಷ್ಟೇ ಹೇಳಿದಳು. ಅದಕ್ಕಿಂತ ಹೆಚ್ಚು ಬೇಕಾಗಲಿಲ್ಲ.

ಅಂದೇ ಅವನು ಬಸ್ಸು ಹತ್ತಿ ಆರ್ಮನ್ನು ಕಲಬುರಗಿಗೆ ಒಯ್ದು, ಹೊಸ ಜಾಯಿಂಟನ್ನು ಪ್ರೆಸ್ಸಿನಲ್ಲಿ ಕೂರಿಸಿಕೊಂಡು ಬಂದ. ಗಾಲಿಗಳ ಕೋನವನ್ನು ಮೊದಲಿನಂತೆ ಮಾಡಿದ. ಅವಳ ಹಳೆಯ ಪಂಪನ್ನೇ ತಿರುಗಿ ಹಾಕಿದ.

ಮುಂದಿನ ಸೋಮವಾರ ಓಣಿಯ ತಿರುವಿನಲ್ಲಿ ಸ್ಟೇರಿಂಗು ಅವಳ ಬೆರಳುಗಳ ನಡುವಿನಿಂದ ಜಾರಿ ತಾನೇ ನಡುವಿಗೆ ಬಂದು ನಿಂತಿತು. ಅವಳು ಬೆಚ್ಚಿದಳು. ಸೀದಾ ಹೋಗುವ ಗಾಡಿಯನ್ನು ಅವಳ ಕೈ ಇನ್ನೂ ಬಲಕ್ಕೇ ಎಳೆಯುತ್ತಿತ್ತು. ಅಫಜಲಪುರದ ಅರ್ಧ ದಾರಿಯವರೆಗೂ ಆ ಕೈಗೆ ತಿಳಿಹೇಳುತ್ತ ಹೋಗಬೇಕಾಯಿತು.