ಹೆಸರು ಹೊಡೆಯದ ಮನೆಪಟ್ಟಿ

ನಮ್ಮ ಅಜ್ಜಿ ಸಾತವ್ವ, ನಾವು ಆಯಿ ಎನ್ನುತ್ತೇವೆ, ಪ್ರತಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾಳೆ. ಮಣೆಯ ಮೇಲೆ ಸತ್ತವರ ಬಟ್ಟೆ ಮಡಿಚಿಟ್ಟು, ಮುಂದೆ ತಾಟಿನಲ್ಲಿ ಹೋಳಿಗೆ, ಅನ್ನ ಬಡಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾಳೆ. ಆಮೇಲೆ ಮುಂಬಾಗಿಲು ತೆರೆದಿಟ್ಟು ಮನೆಮಂದಿಯೆಲ್ಲ ಹಿತ್ತಲಿಗೆ ಹೋಗಿ ನಿಲ್ಲಬೇಕು. ಅವರು ಬಂದು ಉಂಡು ಹೋಗುವ ತನಕ ಯಾರೂ ಒಳಗೆ ಇಣುಕಬಾರದು. ಇದೆಲ್ಲ ಹುಚ್ಚು ಎಂದು ನಾನು ಬೈಯುತ್ತಿದ್ದೆ.

ಈ ಶ್ರಾವಣದಲ್ಲಿ ಆಯಿ ಹೊಟ್ಟೆತುಂಬ ಉಣ್ಣುವುದನ್ನು ಬಿಟ್ಟಳು. ಎಂದೋ ಸತ್ತ ಅಜ್ಜ ಹೊಸ್ತಿಲ ಆಚೆ ಬಂದು ನಿಲ್ಲುತ್ತಾನೆ, ಕರೆದರೂ ಒಳಗೆ ಬರುವುದಿಲ್ಲ ಎಂದಳು. ಮಗ್ಗದ ಕೆಲಸ ಮುಗಿಸಿ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರೆ, ಯಾರೋ ಉಸಿರು ಬಿಗಿಹಿಡಿದು ಹಿಂದೆ ನಿಂತಂತೆ ನನಗೂ ಅನಿಸತೊಡಗಿತು. ತಿರುಗಿದರೆ ಖಾಲಿ ಓಣಿ. ಭಯಕ್ಕಿಂತ ನನಗೆ ಸಿಟ್ಟೇ ಹೆಚ್ಚು ಬಂತು.

ಅಜ್ಜ ಸಿದರಾಯ ಖಾನಾಪುರದ ಒಳಗಿನ ಒಂದು ಹಳ್ಳಿಯಲ್ಲಿ ಹಂಚಿನ ಭಟ್ಟಿಯ ಕೆಲಸಕ್ಕಿದ್ದ. ನಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ ಅಲ್ಲಿ ವಾಂತಿಭೇದಿ ಎದ್ದು ಕೂಲಿಯವರು ಸಾಲಾಗಿ ಸತ್ತರು. ಅಜ್ಜನ ಅಣ್ಣ ಗುರುಪುತ್ರಪ್ಪ ಹೋಗಿ ನೋಡಿ ಬಂದು, ತಮ್ಮ ಹೋದ ಎಂದ. ಆಯಿಯ ಬಳೆ ಒಡೆದರು, ಕುಂಕುಮ ಅಳಿಸಿದರು. ಸತ್ತ ದಿನ ಯಾವುದು ಎಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ತಿಥಿ ತಪ್ಪಿದ್ದಕ್ಕೇ ಅಜ್ಜ ಒಳಗೆ ಬರುತ್ತಿಲ್ಲ ಎಂಬುದು ಆಯಿಯ ನಂಬಿಕೆ.

“ತಿಥಿ ತಿಳಕೊಂಡು ಬಾ, ರಾಮಲಿಂಗಾ. ಇಲ್ಲಂದ್ರ ನಾ ಸತ್ತ ಮ್ಯಾಲೂ ಅವರು ಹೊರಗ, ನಾ ಒಳಗ.”

ನಾನು ಮೊದಲು ಗುರುಪುತ್ರಪ್ಪನನ್ನು ಹಿಡಿದೆ. ಹಣ್ಣು ಮುದುಕ, ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದ. ಹೆಣ ಕಣ್ಣಾರೆ ನೋಡಿದ್ದೆಯಾ ಎಂದು ಕೇಳಿದೆ.

“ಹೆಣಾ ಸುಟ್ಟಲ್ಲಿ ಅವನ ಕಂಬಳಿ ಬಿದ್ದಿತ್ತೋ ಯಪ್ಪಾ. ನಮ್ಮವ್ವ ನೇಯ್ಸಿಕೊಟ್ಟ ಕಂಬಳಿ. ಇನ್ನೇನ ನೋಡಬೇಕಿತ್ತು?”

ಕೈ ಎತ್ತಿದ್ದೆ. ಹೊಡೆಯಲಾಗದೆ ಗೋಡೆಗೆ ಗುದ್ದಿದೆ.

ದಾರಿ ಹೇಳಿದವರು ನಮ್ಮ ಮಗ್ಗದ ಮಾಲೀಕ ಭೂಪಾಲಣ್ಣ. ಆ ಹಳ್ಳಿಯಲ್ಲಿ ಅಜ್ಜನದೊಂದು ಗುಡಿಸಲಿದ್ದರೆ ಅದಕ್ಕೆ ಮನೆಪಟ್ಟಿ, ಅಂದರೆ ಮನೆಯ ಕಂದಾಯ, ಕಟ್ಟಿರುತ್ತಾನೆ. ಪಟ್ಟಿ ಕಟ್ಟುವವನು ಸತ್ತರೆ ಗೀಟೆಳೆದು ಹೆಸರು ಹೊಡೆದು ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ಹೋಗಿ ಅದನ್ನು ನೋಡು ಎಂದರು.

ಅಮಾವಾಸ್ಯೆಯ ಹಿಂದಿನ ದಿನ ಅಲ್ಲಿಗೆ ಹೋದೆ. ಹಳ್ಳಿಯ ಪಂಚಾಯ್ತಿಯ ಕಾರಕೂನ ನನ್ನನ್ನು ಮೇಲೆ ಕೆಳಗೆ ನೋಡಿ, ಸಾಲಿ ಎಲ್ಲಿ ಮಟ ಆಗಿದೆ ಎಂದು ಕೇಳಿದ. ಏಳನೇ ಇಯತ್ತೆಗೆ ಬಿಟ್ಟೆ ಎಂದೆ.

“ಹಂಗಾರ ಹುಡುಕೋದು ಸಂಜಿ ಆಕ್ಕತಿ. ಬುತ್ತಿ ತಂದೀಯಿಲ್ಲೋ?”

ಹಳೆಯ ಪುಸ್ತಕಗಳೆಲ್ಲ ಮರಾಠಿಯಲ್ಲಿದ್ದವು. ಮಗ್ಗಕ್ಕೆ ಸೇರುವ ಮೊದಲು ರವಿವಾರ ಪೇಟೆಯಲ್ಲಿ ಚೀಲ ಹೊರುವಾಗ ಮರಾಠಿ ಚೀಟಿ ಓದಿ ಕಲಿತ ಅಕ್ಷರ ಆ ದಿನ ಕೈಹಿಡಿಯಿತು. ಬೇನೆ ಎದ್ದ ವರ್ಷದ ಪುಟ ಸಿಕ್ಕಿತು. ಹೆಸರಿನ ಮೇಲೆ ಹೆಸರು ಕೆಂಪು ಗೀಟು ಹೊಡೆಸಿಕೊಂಡು ಬಿದ್ದಿದ್ದವು. ಸಿದರಾಯನ ಹೆಸರಿಗೆ ಗೀಟಿರಲಿಲ್ಲ. ಮುಂದಿನ ವರ್ಷವೂ ಪಟ್ಟಿ ಜಮಾ ಆಗಿತ್ತು. ಅದರ ಮುಂದಿನ ವರ್ಷವೂ. ಮರಾಠಿ ಹೋಗಿ ಕನ್ನಡ ಬಂತು, ಬರೆದವರ ಕೈ ಬದಲಾಯಿತು, ಪುಸ್ತಕದ ರಟ್ಟು ಹೊಸದಾಯಿತು; ಸಿದರಾಯ ಮಾತ್ರ ಕಟ್ಟುತ್ತಲೇ ಬಂದಿದ್ದ. ಈ ವರ್ಷದ್ದೂ ಕಟ್ಟಿದ್ದ. ಶಾಯಿ ಇನ್ನೂ ನೀಲಿಯಾಗಿತ್ತು. ಹಾಡುಹಗಲಲ್ಲಿ ನನ್ನ ಮೈಯ ಕೂದಲು ಎದ್ದು ನಿಂತಿತು.

ಕಾರಕೂನ ಬಗ್ಗಿ ನೋಡಿ, ಇದನ್ನು ಸುಂದರಾಬಾಯಿ ಕಟ್ಟುತ್ತಾರೆ, ಬಸದಿಯ ಹಿಂದೆ ಅವರ ಮನೆ ಎಂದ. ನಾನು ಓಡಿದೆ. ಅಜ್ಜ ಬದುಕಿದ್ದರೆ ಕಾಲಿಗೆ ಬೀಳಬೇಕೋ ಕುತ್ತಿಗೆ ಹಿಡಿಯಬೇಕೋ ತಿಳಿಯಲಿಲ್ಲ.

ಸುಂದರಾಬಾಯಿ ಹೊಲಮನೆ ಇದ್ದ ಜೈನರ ಮುದುಕಿ. ನನ್ನ ಮುಖ ನೋಡಿದವರೇ ಸಿದರಾಯನ ಮೊಮ್ಮಗನೇ ಎಂದು ಕೇಳಿ, ನೀರು ಕೊಟ್ಟು ಕೂರಿಸಿದರು. ಅಜ್ಜ ಅವರ ಹೊಲದ ದಂಡೆಯ ಗುಡಿಸಲಲ್ಲೇ ಒಂಟಿಯಾಗಿ ಇದ್ದು, ಎಂಟು ವರ್ಷದ ಹಿಂದೆ ಆಷಾಢದ ಏಕಾದಶಿಯಂದು ತೀರಿಕೊಂಡಿದ್ದ.

ಬೇನೆ ಏಳುವ ಮೊದಲೇ ಅವನು ಕಟ್ಟಿಗೆ ಗುತ್ತಿಗೆದಾರನ ಜತೆ ಗೋವಾ ಕಡೆಗೆ ಹೋಗಿದ್ದನಂತೆ. ಚಳಿಜ್ವರದಲ್ಲಿ ನಡುಗುತ್ತಿದ್ದ ಜತೆಗಾರನಿಗೆ ಕಂಬಳಿ ಹೊದಿಸಿ ಹೋಗಿದ್ದ. ಮರುವರ್ಷ ದುಡಿದದ್ದನ್ನು ಕಟ್ಟಿಕೊಂಡು ನೆಟ್ಟಗೆ ಶಹಾಪುರದ ನಮ್ಮ ಮನೆಗೆ ಬಂದ. ಅಂದು ಮಹಾನವಮಿ ಅಮಾವಾಸ್ಯೆ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮಣೆಯ ಮೇಲೆ ತನ್ನದೇ ಧೋತರ, ಅದರ ಮುಂದೆ ಎಡೆ. ಹಿತ್ತಲಿಂದ ಹೆಂಡತಿಯ ದನಿ, ಕೂಸಿನ ಅಳು. ಯಾರನ್ನೂ ಕರೆಯದೆ ಅವನು ಈ ಹಳ್ಳಿಗೇ ಹೊಳ್ಳಿ ಬಂದ.

“ಎಡಿ ಇಡಿಸ್ಕೊಂಡಾವ ನಡಕೋಂತ ಹೊಳ್ಳಿ ಬಂದ್ರ ಆ ಮನ್ಯಾಗಿನ ಕೂಸ ಉಳಿಯೂದಿಲ್ಲಂತ ನಂಬಿದ್ದ,” ಎಂದರು ಸುಂದರಾಬಾಯಿ. “ನಾ ಭಾಳ ಬೈದೆ. ಕೇಳಲಿಲ್ಲ. ವರ್ಷಾ ಆ ಅಮಾಸಿಗೆ ಅವನ ಮೈ ಕೆಂಡ ಆಗತಿತ್ತು. ಅಲ್ಲಿ ನನ್ನ ಹೆಸರ ಹಿಡದು ಕರೀಲಿಕ್ಕತ್ತಾರ್ರೀ ಬಾಯಿ, ನನಗಿಲ್ಲಿ ಕೇಳಸ್ತದ ಅಂತಿದ್ದ.”

ಒಂದು ಪುಸ್ತಕದಲ್ಲಾದರೂ ಅವನು ಬದುಕಿದವರ ಸಾಲಿನಲ್ಲಿರಲಿ ಎಂದು, ಅವನು ಸತ್ತ ಮೇಲೂ ಅವರು ಪಟ್ಟಿ ಕಟ್ಟುತ್ತ ಬಂದಿದ್ದರು.

ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ. ಸತ್ತವನು ನಮ್ಮನ್ನು ಕಾಡುತ್ತಿದ್ದಾನೆ ಎಂದುಕೊಂಡಿದ್ದೆವು. ಬದುಕಿದ್ದವನನ್ನು ಅಷ್ಟೂ ವರ್ಷ ನಾವು ಕಾಡಿದ್ದೆವು. ಸಿಟ್ಟನ್ನು ಯಾರ ಮೇಲೆ ಹಾಕಲಿ? ಕಂಬಳಿಯ ಮೇಲೆಯೇ?

ಅಮಾವಾಸ್ಯೆಯ ದಿನ ಆಯಿ ಮಣೆ ತೊಳೆದು ಧೋತರ ಮಡಿಚಿಟ್ಟ ಮೇಲೆ ನನ್ನನ್ನು ಕರೆದಳು. ತಿಥಿ ಹೇಳಿದೆ, ವರ್ಷ ಹೇಳಿದೆ. ಅವಳು ಬೆರಳು ಮಡಿಚಿ ಎಣಿಸುತ್ತ ಹೋದಳು. ಬೆರಳು ಸಾಲದಾದಾಗ ಕೈ ತಾನಾಗಿ ಬರಿ ಹಣೆಗೆ ಹೋಯಿತು.

“ಒಮ್ಮೆರೆ ಮನಿಗೆ ಬಂದಿದ್ರೇನು?”

“ಇಲ್ಲ,” ಎಂದೆ. ಅವಳ ಜೀವ ಉಳಿಯಲಿ ಎಂದು ಹೇಳಿದ ಸುಳ್ಳು.

ಆಯಿ ಧೋತರವನ್ನು ಮಣೆಯಿಂದ ತೆಗೆದಳು. “ಹಂಗಾರ ಈ ತಾಟ ಎತ್ತು. ಬದುಕಿದ್ದೂ ಮರತಾವರಿಗೆ ನನ್ನ ಕೈ ಅನ್ನ ಯಾಕ?”

ತಾಟು ಎತ್ತಲು ಬಗ್ಗಿದೆ. ಆಗಲಿಲ್ಲ. ಅಲ್ಲೇ ಕುಕ್ಕರಿಸಿ ಎಲ್ಲ ಹೇಳಿಬಿಟ್ಟೆ: ತೆರೆದ ಬಾಗಿಲು, ಮಣೆ, ಕೂಸಿನ ಅಳು, ಅವನ ಹೆದರಿಕೆ. ಆಯಿ ಅಳಲಿಲ್ಲ. ಧೋತರವನ್ನು ಮತ್ತೆ ಮಣೆಯ ಮೇಲಿಟ್ಟು, ಅದರ ಅಂಚನ್ನು ಬಹಳ ಹೊತ್ತು ಸರಿಮಾಡಿದಳು.

“ಆ ವರ್ಷ ನಾವು ಒಳಗ ಬಂದಾಗ ಅವರ ತಾಟ ಖಾಲಿ ಇತ್ತು, ರಾಮಲಿಂಗಾ. ನಾಯಿ ತಿಂದಿದ್ರ ಚೆಲ್ಲಾಡತಿತ್ತು. ಒಂದ ಅಗಳ ಉಳಿದಿರಲಿಲ್ಲ. ಹಿರೇರು ಉಂಡ್ರು ಅಂತ ನಾ ಓಣಿಗೆಲ್ಲಾ ಹೋಳಗಿ ಹಂಚಿದೆ.” ತಾಟನ್ನು ಧೋತರದ ಹತ್ತಿರಕ್ಕೆ ಸರಿಸಿದಳು. “ತಾಟಿನ್ಯಾಗ ಅವರು ಕೈ ತೊಳಕೊಂಡ ನೀರಿತ್ತು. ನಾನಽ ಒಯ್ದು ಚೆಲ್ಲಿದೆ.”